ಕಾಲು ಮುರಿದ ಆರ್

ಮೊದಲು ಬಾನೆಟ್ ಮುಚ್ಚು, ವೆಂಡೆಲ್.
ಎಂಜಿನ್ ಕೊನೆಗೆ.
ಮುಖಕ್ಕೆ ಮರುಳಾದವನು ಕೈಕಾಲು ನೋಡುವುದಿಲ್ಲ.

ಚಳಿಗೆ ಬೆರಳು ಸೆಟೆದಿವೆ, ಇರಲಿ,
ಫೆಂಡರಿನ ಒಳಗೆ ಕೈ ತೂರಿಸು,
ಹಸುವಿನ ಹೊಟ್ಟೆಯಲ್ಲಿ ಕರು ತಡಕುವ ಹಾಗೆ.
ಮಲಿಬು ಎಂಬ ಹೆಸರು ಅಲ್ಲಿ ಕೂತಿದ್ದರೆ
ಕಿತ್ತ ತೂತಿಗೆ ತುಂಬಿದ ಬೆಸುಗೆ
ಗಂಟುಗಂಟಾಗಿ ಸಿಗುತ್ತದೆ. ಹೊರಗೆ ಉಜ್ಜುತ್ತಾರೆ,
ಸುಳ್ಳಿಗೆ ಒಳಮೈ ಉಜ್ಜುವ ವ್ಯವಧಾನವಿಲ್ಲ.
ಗಂಟಿಲ್ಲವೇ? ಖುಷಿಪಡಬೇಡ,
ಫೆಂಡರೇ ಹೊಸದಿರಬಹುದು.

ಗಾಜಿನ ಕೆಳಗಿನ ಸಂಖ್ಯೆ ಓದು.
ಮೂರನೆಯದು ಐದಾಗಿದ್ದರೆ ಆರು ಸಿಲಿಂಡರ್,
ಇಬ್ಬರೂ ಒಳಗೆ ಹೋಗಿ ಸೂಪು ಕುಡಿಯಬಹುದಿತ್ತು.
ಆರು ಅಂದೆಯಾ? ಹಾಗಾದರೆ ಎಂಟು ಸಿಲಿಂಡರ್, ಅಷ್ಟೇ.
ಸೂಪರ್ ಸ್ಪೋರ್ಟ್ ಹೌದೋ ಅಲ್ಲವೋ
ಎಪ್ಪತ್ತರ ಶೆವೆಲ್‌ನ ತಗಡು ಬಾಯಿ ಬಿಡುವುದಿಲ್ಲ.

ಹಿಂದಿನ ಆಕ್ಸಲ್‌ಗೆ ಹನ್ನೆರಡು ಬೋಲ್ಟು, ಎಣಿಸಿದೆ, ಸರಿ.
ಹನ್ನೆರಡು ಬೋಲ್ಟು ದುಡ್ಡಿಗೆ ಸಿಗುತ್ತದೆ.
ಲಾಂಛನ ದುಡ್ಡಿಗೆ, ಕಪ್ಪು ಪಟ್ಟೆ ದುಡ್ಡಿಗೆ,
ತಗಡು ಬಿಗಿಯುವ ಹೂಮೊಳೆ ಕೂಡ ಈಗ ಅಂಚೆಯಲ್ಲಿ ಬರುತ್ತದೆ.
ಕಾಗದ ಮಾತ್ರ
ಹಿಂದಿನ ಸೀಟಿನ ಸ್ಪ್ರಿಂಗಿನಲ್ಲೋ ಟ್ಯಾಂಕಿನ ನೆತ್ತಿಯ ಮೇಲೋ
ಇಲಿ ಉಳಿಸಿದ್ದರೆ ಉಂಟು.
ನದಿಯಾಚೆ ಕೆನಡಾದಲ್ಲಿ ಮಾರಿದ ಕಾರಿಗೆ
ಕೇಳಿದರೆ ದಾಖಲೆ ಕೊಡುತ್ತಾರೆ.
ಈಚೆ ದಡಕ್ಕೆ ನಾನು, ಡುಡ್ಜಿಕ್,
ಎಂಬತ್ತರ ಮುದುಕ, ಒಂದು ಕಣ್ಣಿಗೆ ಪೊರೆ.

ಈಗ ತೆರೆ.

ಬಲಗಡೆ, ಹೆಡ್ಡಿನ ಮುಂದೆ, ಹೆಬ್ಬೆಟ್ಟಿನಗಲದ ಕಟ್ಟೆ.
ಟಾನವಾಂಡದಲ್ಲಿ ಆ ಕಟ್ಟೆಯ ಮೇಲೇ ನನ್ನ ಅನ್ನ.
ಎಡಗೈಯಲ್ಲಿ ಅಚ್ಚಿನ ಹಿಡಿಕೆ, ಬಲಗೈಯಲ್ಲಿ ಸುತ್ತಿಗೆ,
ಒಂದೇ ಏಟು.
ಟಿ ಎಂದರೆ ನಮ್ಮೂರು, ಆಮೇಲೆ ತಿಂಗಳು, ದಿನ,
ಸಿ ಆರ್ ವಿ ಎಂದರೆ ನಾನೂರ ಐವತ್ತನಾಲ್ಕು, ಕೈಗೇರು,
ಯಾರದೋ ಮಗನ ಮೊದಲ ಸಾಲ.
ಸಾಲು ನೆಟ್ಟಗಿದ್ದರೆ ಅದು ನಮ್ಮದಲ್ಲ.
ನೆಟ್ಟಗೆ ಹೊಡೆಯಲು ಪುರುಸೊತ್ತು ಕೊಟ್ಟವರ್ಯಾರು?

ಆ ಚಳಿಗಾಲ ಅಚ್ಚಿನ ಆರ್‌ಗೆ ಕಾಲು ಮುರಿದಿತ್ತು.
ಫೋರ್‌ಮನ್‌ಗೆ ಹೇಳಿದೆ. ಓದಕ್ಕೆ ಬರುತ್ತಲ್ಲ, ಹೊಡಿ ಅಂದ.
ಇದನ್ನು ಹತ್ತು ವರ್ಷದ ಹಿಂದೆ ಒಬ್ಬ ಸಭ್ಯನಿಗೆ,
ಕಾಫಿ ಕೊಡಿಸಿದನಲ್ಲ ಎಂಬ ದಾಕ್ಷಿಣ್ಯಕ್ಕೆ, ಹೇಳಿಬಿಟ್ಟೆ.
ಮರುವರ್ಷದಿಂದ ಓಹಾಯೋ, ಪೆನ್ಸಿಲ್ವೇನಿಯಾ, ಎಲ್ಲೆಲ್ಲೂ
ಆರ್‌ಗಳು ಕುಂಟತೊಡಗಿದವು.

ಟಾರ್ಚು ಹತ್ತಿರ ತಾ.
ಹಿಂದಿನಿಂದ ಮುಂದಕ್ಕೆ ಕೂದಲೆಳೆ ಗೀರುಗಳಿವೆ,
ಅದನ್ನೂ ಕಲಿತಿದ್ದಾರೆ, ಭಲೆ.
ಸಾಲು ಬಲಕ್ಕೆ ವಾಲಿದೆ,
ನನ್ನ ಮಣಿಕಟ್ಟು ವಾಲುವಷ್ಟೇ.
ಆರ್‌ಗೆ ಕಾಲಿಲ್ಲ.
ಟಿ, ಸೊನ್ನೆ, ಎರಡು, ಒಂದು, ಏಳು.
ಫೆಬ್ರವರಿ ಹದಿನೇಳು.

ವೆಂಡೆಲ್, ಆ ಮಂಗಳವಾರ
ನಾನು ಬುದ್ಧಿಹಲ್ಲು ಕೀಳಿಸಿಕೊಂಡು
ಬ್ರಾಡ್‌ವೇಯ ಮಹಡಿಯಲ್ಲಿ ಹತ್ತಿ ಕಚ್ಚಿ ಮಲಗಿದ್ದೆ,
ಕೆನ್ನೆ ಕುಂಬಳಕಾಯಿ.
ನನ್ನ ಜಾಗದಲ್ಲಿ ನಿಂತವನು ಟಾಲಿವರ್, ಎಡಚ.
ಅವನ ಸಾಲು ಎಡಕ್ಕೆ ಬೀಳುತ್ತಿತ್ತು, ಟಿ ಆಳ, ವಿ ತೇಲು.
ಅವನು ತೀರಿಕೊಂಡು ಬಹಳ ವರ್ಷವಾಯಿತು,
ಕಾಫಿ ಕೊಡಿಸಿ ಅವನನ್ನು ಕೇಳಿದವರಿಲ್ಲ,
ಹಾಗಾಗಿ ಅವನ ಕೈ ಯಾರಿಗೂ ಸಿಗಲಿಲ್ಲ.

ಎಷ್ಟು ಕೊಟ್ಟೆ ಎಂದು ಹೇಳಬೇಡ.
ಬೇಕಾದರೆ ಚಾವಿ ತಿರುಗಿಸು.
ನೋಡು, ಗ್ಯಾರೇಜಿನ ಕಿಟಕಿ ನಡುಗುತ್ತಿದೆ,
ಗೋಡೆಯ ಸ್ಪ್ಯಾನರ್‌ಗಳು ಕುಣಿಯುತ್ತಿವೆ.
ಯಾರ ಹೊಟ್ಟೆಯಲ್ಲಿ ಉರಿಯುತ್ತಿದ್ದೇನೆಂಬ
ಗೊಡವೆ ಪೆಟ್ರೋಲಿಗಿಲ್ಲ.

ನಿನ್ನ ಲೆಕ್ಕ ನೀನು ನೋಡಿಕೋ.
ನನ್ನದೂ ಒಂದಿದೆ:
ನಾನಿಲ್ಲದ ದಿನ ನನ್ನನ್ನು ನಿಲ್ಲಿಸಿ
ಕೆಲಸ ಮಾಡಿಸಿದ್ದಾನೆ ಆ ಮಹರಾಯ.
ಸಿಕ್ಕರೆ ಹೇಳು,
ಎಂಟು ಗಂಟೆಯ ಕೂಲಿ ಬಾಕಿ ಇದೆ.